ಗಂಟೆ ಹೊಡೆದಾಗ ಎದ್ದು ಹೋದವಳು

ನನ್ನ ಹೊಟ್ಟೆಕಿಚ್ಚು ದೇವರ ಮೇಲಿನದಾಗಿರಲಿಲ್ಲ. ಇದ್ದಾನೆಂದು ಸಾಬೀತಾಗದವನ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ದಡ್ಡಿ ನಾನಲ್ಲ. ಅದು ಹದಿಮೂರು ಜನ ಹೆಂಗಸರ ಮೇಲಿನದು. ಖಾನಾಪುರದಿಂದ ಜಾಂಬೋಟಿ ಕಡೆಗೆ ಹೋಗುವ ರಸ್ತೆಯಲ್ಲಿ, ಎರಡಾಳೆತ್ತರದ ಕೆಂಪು ಕಲ್ಲಿನ ಗೋಡೆಯ ಒಳಗಿರುವವರು ಅವರು. ಬಲು ಕಟ್ಟುನಿಟ್ಟಿನ ಒಂದು ಕ್ಯಾಥೊಲಿಕ್ ಮಠದ ಕನ್ಯಾಸ್ತ್ರೀಯರು. ಶಾಲೆ ನಡೆಸುವವರಲ್ಲ, ಆಸ್ಪತ್ರೆ ನಡೆಸುವವರೂ ಅಲ್ಲ. ಒಳಗೆ ಹೋದವರು ಹೊರಗೆ ಬರುವುದಿಲ್ಲ. ದಿನಕ್ಕೆ ಏಳು ಸಲ ಪ್ರಾರ್ಥನೆ, ಮಾಂಸವಿಲ್ಲದ ಊಟ, ಎರಡು ತಾಸು ಮಾತು, ಉಳಿದದ್ದೆಲ್ಲ ಮೌನ. ಅವರ ನಡುವೆ ಹದಿನಾಲ್ಕನೆಯವಳಾಗಿ ನನ್ನ ಗೆಳತಿ ಹೋಗಿ ಕೂತಳು.

ಪದವಿಯ ಮೂರು ವರ್ಷ ನಾವು ಚರ್ಚಾಸ್ಪರ್ಧೆಯ ಜೋಡಿ. ಮೊದಲು ನಾನು ಎದ್ದು ಎದುರಾಳಿಗಳನ್ನು ಕೆಣಕುವುದು, ಆಮೇಲೆ ಅವಳು ಬಂದು ತಣ್ಣಗೆ ಅವರ ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೆಲಕ್ಕೆ ಚೆಲ್ಲುವುದು. ಬೆಳಗಾವಿಯಿಂದ ಧಾರವಾಡಕ್ಕೆ, ವಿಜಯಪುರಕ್ಕೆ, ಬಾಗಲಕೋಟೆಗೆ ಬಸ್ಸಿನಲ್ಲಿ ಹೋಗಿ ಗೆದ್ದ ಕಪ್ಪು ಹೊತ್ತು ತಂದಿದ್ದೇವೆ. ತೀರ್ಪುಗಾರರು ಹೊಗಳುತ್ತಿದ್ದದ್ದು ಹೆಚ್ಚಾಗಿ ಅವಳನ್ನೇ. ನನಗದು ಚುಚ್ಚುತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಆಗಿನ ಚುಚ್ಚುವಿಕೆ ಆರೋಗ್ಯಕರವಾಗಿತ್ತು. ಮರುದಿನ ನನ್ನನ್ನು ಗ್ರಂಥಾಲಯದಲ್ಲಿ ಕೂರಿಸುತ್ತಿತ್ತು.

ಅವಳು ಸುದ್ದಿ ಹೇಳಿದ್ದು ಟಿಳಕವಾಡಿಯ ರೇಲ್ವೆ ಗೇಟಿನ ಎದುರು. ಗೇಟು ಬಿದ್ದಿತ್ತು. ಸ್ಕೂಟಿಯಲ್ಲಿ ನಾನು ಮುಂದೆ, ಅವಳು ಹಿಂದೆ.

"ನಾ ಖಾನಾಪುರಕ್ಕ ಹೊಂಟೀನಿ," ಅಂದಳು.

"ಯಾವಾಗ ಬರ್ತಿ?"

"ಬರೂದಿಲ್ಲ."

ಗೂಡ್ಸ್ ಗಾಡಿ ಬಹಳ ಉದ್ದವಿತ್ತು. ಅದು ಹೋಗಿ ಮುಗಿಯುವವರೆಗೆ ಅವಳು ಎಲ್ಲವನ್ನೂ ಹೇಳಿದಳು. ಒಂದು ವರ್ಷ ಬರೀ ಒಳಗಿದ್ದು ನೋಡುವುದು, ಎರಡು ವರ್ಷ ಬಿಳಿ ಮುಸುಕು ಹಾಕಿಕೊಂಡು ಕಲಿಯುವುದು, ಆಮೇಲೆ ಒಳಗಿನವರೆಲ್ಲ ಒಪ್ಪಿದರೆ ಮೊದಲ ಪ್ರತಿಜ್ಞೆ. ಹಿಂದಿನ ಗಾಡಿಯವರು ಹಾರ್ನ್ ಬಾರಿಸತೊಡಗಿದಾಗಲೇ ಗೇಟು ಎದ್ದದ್ದು ನನಗೆ ಗೊತ್ತಾದದ್ದು.

ಮನೆಗೆ ಬಂದು ಅತ್ತುಬಿಟ್ಟೆ. ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದ ಅಜ್ಜಿ, ಪೂಜೆ ಮುಗಿಸಿಯೇ ಕೇಳಿದಳು: "ಯಾಕವ್ವಾ ಅಳಾಕತ್ತಿ? ಲಗ್ನ ಆಗಿ ಹೋಗಿದ್ರ ಏನ್ ಮಾಡ್ತಿದ್ದಿ?"

"ಲಗ್ನ ಆಗಿದ್ರ ದಿನಾ ಫೋನ್ ಹಚ್ಚತಿದ್ದೆ."

"ಹಂಗಾದ್ರ ನಿನ್ನ ಸಿಟ್ಟು ಆ ಮಠದ ಮ್ಯಾಲಲ್ಲ. ಫೋನಿನ ಮ್ಯಾಲ."

ಅಜ್ಜಿಯ ಜೊತೆ ವಾದಕ್ಕಿಳಿದು ಗೆದ್ದ ದಾಖಲೆ ನಮ್ಮ ಮನೆಯಲ್ಲಿ ಇಲ್ಲ.

ಭೇಟಿಗೆ ತಿಂಗಳಿಗೊಂದು ತಾಸು, ಅದೂ ಮನೆಯವರಿಗೆ. ಅವಳ ಅಪ್ಪ ವರ್ಷದ ಒಂಬತ್ತು ತಿಂಗಳು ಹಡಗಿನ ಮೇಲಿರುವವರು; ಹಾಗಾಗಿ ಹೋಗುತ್ತಿದ್ದದ್ದು ಅವಳ ತಾಯಿ. ಅವರನ್ನು ನಾನು ಆಂಟಿ ಅನ್ನುತ್ತೇನೆ. ಆಂಟಿಯೇ ಮಠದ ಹಿರಿಯ ಮದರ್‌ಗೆ ಪತ್ರ ಬರೆದು, ಈ ಹುಡುಗಿಯೂ ಮನೆಯವಳ ಹಾಗೇ ಎಂದು ಒಪ್ಪಿಸಿದರು. ಆದರೂ ತಾಸಿನ ಐವತ್ತು ನಿಮಿಷ ತಾಯಿಯದು. ಕೊನೆಯ ಹತ್ತು ನಿಮಿಷಕ್ಕೆ ಆಂಟಿ ಎದ್ದು ಪಕ್ಕದ ಪ್ರಾರ್ಥನಾಮಂದಿರಕ್ಕೆ, ಚಾಪೆಲ್ಲಿಗೆ, ಹೋಗುತ್ತಿದ್ದರು. ಅದು ನನ್ನ ಪಾಲು.

ಭೇಟಿಯ ಕೋಣೆಯನ್ನು ಮರದ ಜಾಲರಿಯೊಂದು ಎರಡಾಗಿ ಸೀಳುತ್ತದೆ. ಆ ಕಡೆ ಅವಳು, ಈ ಕಡೆ ನಾವು. ಜಾಲರಿಯ ಕಿಂಡಿಯಲ್ಲಿ ಎರಡು ಬೆರಳು ಹೋಗುತ್ತವೆ, ಮೂರನೆಯದು ಹೋಗುವುದಿಲ್ಲ, ನಾನು ಪ್ರಯತ್ನಿಸಿದ್ದೇನೆ. ತಂದ ಸಾಮಾನನ್ನು ಕೊಡುವುದಕ್ಕೆ ಪಕ್ಕದ ಗೋಡೆಯಲ್ಲಿ ಮರದ ತಿರುಗಣಿ ಇದೆ. ಒಂದು ಬದಿ ತೆರೆದ ಪೀಪಾಯಿಯಂಥದ್ದು. ನಾವು ಇಟ್ಟು ತಿರುಗಿಸಿದರೆ ಸಾಮಾನು ಒಳಗೆ ಹೋಗುತ್ತದೆ. ಒಳಗೆ ಯಾರು ತೆಗೆದುಕೊಂಡರೆಂಬುದು ಕಾಣುವುದಿಲ್ಲ.

ಮೊದಲ ವರ್ಷ ನಾನು ಆ ತಿರುಗಣಿಯಲ್ಲಿ ಅರ್ಧ ಕಿಲೋ ಕುಂದಾ ಇಟ್ಟು ಕಳಿಸಿದೆ. ಪರೀಕ್ಷೆ ಮುಗಿದ ದಿನ, ಕಪ್ಪು ಗೆದ್ದ ದಿನ, ಸೋತ ದಿನ, ಎಲ್ಲಕ್ಕೂ ಅವಳಿಗೆ ಕುಂದಾನೇ ಬೇಕಾಗುತ್ತಿತ್ತು. ಮುಂದಿನ ತಿಂಗಳು ಕೇಳಿದೆ: "ಹ್ಯಾಂಗಿತ್ತ?"

"ಚಲೋ ಇತ್ತಂತ."

"ಇತ್ತಂತ ಅಂದ್ರ?"

"ಹಬ್ಬದ ದಿನ ಎಲ್ಲಾರಿಗೂ ಒಂದೊಂದು ಚಮಚಾ ಹಂಚಿದ್ವಿ. ನಂದು ಒಬ್ಬ ಹಿರೇ ಸಿಸ್ಟರಿಗೆ ಕೊಟ್ಟೆ. ಆಕಿಗೆ ಹಲ್ಲಿಲ್ಲ ನೋಡು, ಮೆತ್ತಗಿನದೇ ಆಗ್ತೈತಿ."

ಹಲ್ಲಿಲ್ಲದ ಎಂಬತ್ತರ ಮುದುಕಿಯೊಬ್ಬಳನ್ನು ನಾನು ಬೆಳಗಾವಿ ತಲುಪುವವರೆಗೂ ಮನಸ್ಸಿನಲ್ಲಿ ಬೈದೆ. ಕುಂದಾಕ್ಕೆ ಬದಲಾಗಿ ಗೆಳತಿ ತಿರುಗಣಿಯಲ್ಲಿ ಇಟ್ಟು ಕಳಿಸಿದ್ದು ಒಂದು ಕಾಗದದ ಚೀಲ. ಪೂಜೆಗೆ ಬೇಕಾಗುವ ತೆಳ್ಳನೆಯ ರೊಟ್ಟಿಗಳನ್ನು ಅವರೇ ಕಬ್ಬಿಣದ ಅಚ್ಚಿನಲ್ಲಿ ಸುಟ್ಟು, ದುಂಡಗೆ ಕತ್ತರಿಸಿ ಊರೂರ ಚರ್ಚುಗಳಿಗೆ ಕಳಿಸುತ್ತಾರೆ. ಕತ್ತರಿಸಿ ಉಳಿದ ಅಂಚುಗಳು ಆ ಚೀಲದಲ್ಲಿದ್ದವು. ರುಚಿಯೆಂಬುದು ಇಲ್ಲವೇ ಇಲ್ಲ. ನಾನು ಒಂದೂ ಬಿಡದೆ ತಿಂದೆ. ಆಮೇಲೆ ನೋಡಿದರೆ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳ ಮಗುವಿನ ಕೈಯಲ್ಲೂ ಅದೇ ಚೀಲ. ಮಠದ ಬಾಗಿಲಿಗೆ ಬಂದವರಿಗೆಲ್ಲ ಅದನ್ನು ಕೊಡುತ್ತಾರಂತೆ.

ಇನ್ನೊಂದು ಸಲ ಆಂಟಿ ನನ್ನನ್ನು ಚಾಪೆಲ್ಲಿಗೆ ಕರೆದೊಯ್ದರು. ಅಲ್ಲೂ ಜಾಲರಿ, ಅದರ ಹಿಂದೆ ಪರದೆ. ಕಾಣದ ಹದಿನಾಲ್ಕು ಜನ ಒಂದೇ ಸ್ವರದಲ್ಲಿ, ಏರಿಲ್ಲದೆ ಇಳಿತವಿಲ್ಲದೆ, ಕೀರ್ತನೆ ಹೇಳುತ್ತಿದ್ದರು. ನಾನು ಕಣ್ಣು ಮುಚ್ಚಿ ಅವಳ ದನಿಯನ್ನು ಹೆಕ್ಕಲು ನೋಡಿದೆ. ಮೂರು ವರ್ಷ ಮೈಕಿನಲ್ಲಿ ಕೇಳಿದ ದನಿ. ಯಾವ ಪದಕ್ಕೆ ಮುಂಚೆ ಉಸಿರೆಳೆಯುತ್ತಾಳೆಂಬುದೂ ನನಗೆ ಗೊತ್ತು. ಸಿಗಲಿಲ್ಲ. ಯಾರೊಬ್ಬರ ದನಿಯೂ ಎದ್ದು ಕೇಳಬಾರದೆಂಬುದೇ ಅವರ ಅಭ್ಯಾಸವಂತೆ. ನೂರಾರು ಜನರ ಸಭಾಂಗಣವನ್ನು ಹಿಡಿದು ನಿಲ್ಲಿಸುತ್ತಿದ್ದ ದನಿಯನ್ನು ಈ ಹೆಂಗಸರು ಸಕ್ಕರೆಯ ಹಾಗೆ ಕರಗಿಸಿಕೊಂಡುಬಿಟ್ಟಿದ್ದರು.

ಮೂರನೆಯ ವರ್ಷ ಮುಗಿಯುತ್ತ ಬಂತು. ಆ ಹೊತ್ತಿಗೆ ನಾನು ಕಾನೂನು ಓದಿನ ಕೊನೆಯ ವರ್ಷದಲ್ಲಿದ್ದೆ. ಮಳೆಗಾಲದ ಒಂದು ಭಾನುವಾರ ಹೋದಾಗ ಆಂಟಿ ದಾರಿಯಲ್ಲೇ ಹೇಳಿದರು: ಇನ್ನೆರಡು ತಿಂಗಳಿಗೆ ಪ್ರತಿಜ್ಞೆ, ಅದಕ್ಕೂ ಮುಂಚೆ ಒಳಗಿನವರು ಮತ ಹಾಕುತ್ತಾರೆ, ಬಿಳಿ ಅವರೆಕಾಳು ಅಂದರೆ ಒಪ್ಪಿಗೆ, ಕರಿಯದು ಅಂದರೆ ಇಲ್ಲ.

"ನಿಮಗ ಖುಷಿ ಐತೇನ್ರಿ ಆಂಟಿ?"

ಅವರು ಕಿಟಕಿಯ ಹೊರಗೆ ನೋಡಿದರು. "ದೇವರು ಕೇಳಿದ್ದನ್ನ ಇಲ್ಲ ಅನ್ನಾಕ ಬರೂದಿಲ್ಲ," ಅಂದರು. ಮತ್ತೆ, "ಖರೇ ಹೇಳಬೇಕಂದ್ರ ಆಕಿ ವಾಪಸ್ ಬಂದ್ರೂ ನಾ ಬ್ಯಾಡ ಅನ್ನಾಕಿ ಅಲ್ಲ."

ಆ ಎರಡನೆಯ ವಾಕ್ಯವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ಹತ್ತು ನಿಮಿಷ ಬಂದಾಗ, ಜಾಲರಿಗೆ ಮುಖ ಹಚ್ಚಿ ಕೂತು, ವಾರದಿಂದ ತಯಾರಿಸಿದ್ದನ್ನೆಲ್ಲ ತೆಗೆದೆ.

"ಲೇ, ಮೂರು ಮಾತು. ಒಂದು, ಎಲ್ಲಾ ಕಡೆ ಇರೂ ದೇವರನ್ನ ಮಾತಾಡ್ಸಾಕ ಗೋಡಿ ಯಾಕ ಬೇಕು? ಎರಡು, ನೀ ಹುಟ್ಟಿದಾಗಿನಿಂದ ಯಾರು ಏನಂದ್ರೂ 'ಯಾಕ' ಅಂತ ಕೇಳ್ದಾಕಿ. ವಿಧೇಯತೆಯ ಪ್ರತಿಜ್ಞಾ ಮಾಡೂದಂದ್ರ ಆ 'ಯಾಕ'ನ್ನ ಕೊಂದಂಗಲ್ಲೇನು? ಮೂರು, ನಿನ್ನ ಬಾಯಿಂದ ನಾಕ್ ಮಂದಿಗೆ ನ್ಯಾಯ ಸಿಗತಿತ್ತು. ಅದನ್ನ ಮುಚ್ಚಿಟ್ಟು ಒಳಗ ರೊಟ್ಟಿ ಸುಡಾಕತ್ತಿ. ಕಾಯಕ ಬಿಟ್ಟು ಓಡಿದ್ರ ನಮ್ಮ ಅಜ್ಜಿ ಏನಂತಾಳ ಗೊತ್ತೈತಿಲ್ಲ?"

ಅವಳು ತಲೆ ತಗ್ಗಿಸಿ ಕೇಳುತ್ತಿದ್ದಳು. ಬಿಳಿ ಮುಸುಕಿನ ಅಂಚು ಹಣೆಯ ಮೇಲೆ ಬಿಗಿದು ಒಂದು ಗೆರೆ ಮೂಡಿತ್ತು.

"ಮುಗೀತೇನ ವಕೀಲಬಾಯಿ?"

"ಮುಗೀತು. ಖಂಡಿಸು."

ನಕ್ಕಳು. ಬೆರಳೆತ್ತಿದಳು, ವೇದಿಕೆಯ ಮೇಲೆ ಎತ್ತುತ್ತಿದ್ದ ಹಾಗೆಯೇ. "ನೋಡು, ನೀ ಹೇಳಿದ ಎರಡನೇದು—"

ಒಳಗೆಲ್ಲೋ ಗಂಟೆ ಹೊಡೆಯಿತು. ಅವಳು ಬಾಯಿ ಮುಚ್ಚಿ ಎದ್ದಳು. ಹೋಗಿಬರ್ತೀನಿ ಅನ್ನಲಿಲ್ಲ, ವಾಕ್ಯ ಮುಗಿಸಲಿಲ್ಲ, ತಲೆ ಬಾಗಿಸಿ ಬಾಗಿಲಿನ ಆಚೆ ಹೋದಳು. ನನ್ನ ಪಾಲಿನಲ್ಲಿ ಇನ್ನೂ ಐದು ನಿಮಿಷ ಇತ್ತು.

ಮೂರು ವರ್ಷದಲ್ಲಿ ಹೀಗಾಗಿರಲಿಲ್ಲ. ಪ್ರತಿ ಸಲ ಬಾಗಿಲು ಕಾಯುವ ಸಿಸ್ಟರ್ ಬಂದು ಕದ ಬಡಿದು, ಹೊತ್ತಾಯಿತೆಂದು ಸೂಚಿಸುತ್ತಿದ್ದರು; ನಾವು ಸಾವಕಾಶವಾಗಿ ಏಳುತ್ತಿದ್ದೆವು. ಇವತ್ತು ಅವಳು ಎದ್ದು ಹೋದದ್ದು ಎರಡನೆಯ ಮಾತಿನ ಮೇಲೆ, ವಿಧೇಯತೆಯ ಮೇಲೆ. ನಮ್ಮ ಸ್ಪರ್ಧೆಗಳಲ್ಲಿ ನಿಯಮ ಸರಳವಾಗಿತ್ತು: ಉತ್ತರ ಬರದ ವಾದ ಒಪ್ಪಿಕೊಂಡ ವಾದ. ಎದುರಾಳಿ ಖಂಡಿಸದೆ ಕೂತರೆ ಅಂಕ ನಮ್ಮದು. ನಾನು ಅಂಕ ಹಾಕಿಕೊಂಡೆ.

ಖಾನಾಪುರ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಆಂಟಿಗೆ ಹೇಳಿದೆ: "ಆಕಿಗೆ ಡೌಟ್ ಐತ್ರಿ. ಕೇಳಿದ್ರ ಉತ್ತರ ಕೊಡಾಕಾಗಲಿಲ್ಲ. ಎದ್ದ ಹೋದ್ಳು."

ಆಂಟಿಯ ಕೈಯ ಲೋಟ ಅಲ್ಲೇ ನಿಂತಿತು. "ಖರೇನ?"

"ಖರೇ."

ಅವರು ಅವತ್ತೇ ಮದರ್‌ಗೆ ಪತ್ರ ಬರೆದರು. ಮಗಳ ಮನಸ್ಸು ಇನ್ನೂ ಗಟ್ಟಿಯಾಗಿಲ್ಲವೆಂದು ಅವಳ ಆಪ್ತ ಗೆಳತಿಗೆ ಕಂಡಿದೆ, ದಯವಿಟ್ಟು ಅವಸರ ಮಾಡಬೇಡಿ ಎಂದು. ಎರಡು ವಾರಕ್ಕೆ ಉತ್ತರ ಬಂತು, ನಾಲ್ಕೇ ಸಾಲು: ಮತ ಹಾಕುವುದನ್ನು ಆರು ತಿಂಗಳು ಮುಂದೆ ಹಾಕಿದ್ದೇವೆ. ಅಲ್ಲಿಯವರೆಗೆ ಆಕೆ ಬಿಳಿ ಮುಸುಕಿನಲ್ಲೇ ಇರುತ್ತಾಳೆ. ಪ್ರಾರ್ಥಿಸಿರಿ.

ಆ ಪತ್ರವನ್ನು ಆಂಟಿ ಫೋನಿನಲ್ಲಿ ಓದಿ ಹೇಳಿದಾಗ ನಾನು ಪಟ್ಟ ಸಂತೋಷ ಯಾವ ಕಪ್ಪು ಗೆದ್ದಾಗಲೂ ಆಗಿರಲಿಲ್ಲ. ಹದಿಮೂರು ಜನ ಒಂದು ಕಡೆ, ನಾನೊಬ್ಬಳು ಇನ್ನೊಂದು ಕಡೆ, ಮತ್ತು ಗೋಡೆ ಒಂದು ಕಲ್ಲು ಸಡಿಲಿಸಿತ್ತು. ಅವಳು ಬಂದ ಮೇಲೆ ನನ್ನ ಕಾಲೇಜಿಗೇ ಸೇರಿಸಬೇಕೆಂದು ಅರ್ಜಿಯ ಕೊನೆಯ ದಿನಾಂಕವನ್ನೂ ನೋಡಿದೆ. ಆಂಟಿ ಅವಳ ಮಂಚಕ್ಕೆ ಹೊಸ ಗಾದಿ ಹಾಕಿಸಿದರು.

ಗಾದಿ ನೋಡಲು ಕರೆದ ದಿನವೇ ಆಂಟಿ ಕೇಳಿದರು. "ಆಕಿ ಏನಂದ್ಳು ಅವತ್ತ? ಅಂದದ್ದು ಅಂದಂಗ ಹೇಳು."

"ಎರಡನೇದು, ಅಂತ ಅಂದ್ಳು."

"ಮುಂದ?"

"ಮುಂದ ಗಂಟಿ ಹೊಡೀತು. ಎದ್ಳು."

ಆಂಟಿ ನನ್ನನ್ನೇ ನೋಡುತ್ತ ಹೊಸ ಗಾದಿಯ ಮೇಲೆ ಕೂತುಬಿಟ್ಟರು. ನಿಧಾನವಾಗಿ ಹೇಳಿದರು. "ಅಲ್ಲವ್ವಾ, ಒಳಗ ಗಂಟಿ ಅಂದ್ರ ದೇವರ ದನಿ ಅಂತ ತಿಳೀತಾರ. ಮೊದಲನೇ ಹೊಡತಕ್ಕ ಏಳಬೇಕು. ಪತ್ರ ಬರಿಯೂ ಮುಂದ ಗಂಟಿ ಆದ್ರ, ಬರದ ಅಕ್ಷರ ಅರ್ಧಕ್ಕ ಬಿಟ್ಟು ಏಳ್ತಾರಂತ. ಅವತ್ತ ಯಾವುದೋ ಸಂತರ ಹಬ್ಬ ಇತ್ತು, ಪ್ರಾರ್ಥನಿ ಲಗೂ ಇಟ್ಟಿದ್ರು. ಇಷ್ಟ ಏನು?"

"ಇಷ್ಟ ರೀ."

"ನಾ ಇಷ್ಟಕ್ಕ ಪತ್ರ ಬರದ್ನೇನ?"

ನಾನು ವಾದಿಸಲು ನೋಡಿದೆ. ಅನುಮಾನವನ್ನು ಮುಖ ನೋಡಿಯೇ ತಿಳಿಯಬಹುದು ಎಂದೆ. ಅವಳು ತಲೆ ತಗ್ಗಿಸಿದ್ದಳು ಎಂದೆ. ಆಂಟಿ ಒಂದಕ್ಕೂ ಉತ್ತರ ಕೊಡಲಿಲ್ಲ. ನನ್ನದೇ ನಿಯಮದ ಪ್ರಕಾರ ನಾನು ಗೆದ್ದಿರಬೇಕಿತ್ತು.

ಇದಾದ ಮೇಲೂ ನಾನು ಹನ್ನೆರಡು ದಿನ ಸುಮ್ಮನಿದ್ದೆ. ಸತ್ಯ ಗೊತ್ತಿದ್ದೂ ಸುಮ್ಮನಿದ್ದ ದಿನಗಳನ್ನು ಲೆಕ್ಕ ಇಟ್ಟಿದ್ದೇನೆ. ಆರು ತಿಂಗಳು ದೊಡ್ಡ ಅವಧಿ, ಅಷ್ಟರಲ್ಲಿ ಅವಳಿಗೆ ನಿಜವಾಗಿಯೇ ಅನುಮಾನ ಬರಬಹುದಲ್ಲ, ಎಂದು ನನಗೆ ನಾನೇ ಹೇಳಿಕೊಂಡೆ. ಆಂಟಿಯೂ ಮತ್ತೊಂದು ಪತ್ರ ಬರೆಯಲಿಲ್ಲ. ಅವರಿಗೂ ಆ ಗಾದಿ ಬೇಕಾಗಿತ್ತು. ನಮ್ಮಿಬ್ಬರ ನಡುವೆ ಆ ಮಾತು ಮತ್ತೆ ಬರಲಿಲ್ಲ.

ಹದಿಮೂರನೆಯ ದಿನ ನಾನೊಬ್ಬಳೇ ಖಾನಾಪುರಕ್ಕೆ ಹೋದೆ. ಬಾಗಿಲು ಕಾಯುವ ಸಿಸ್ಟರ್, ಭೇಟಿಯ ದಿನವಲ್ಲವಲ್ಲ ಅಂದರು. ಗೆಳತಿಯಲ್ಲ, ಮದರ್ ಬೇಕು ಅಂದೆ. ಅರ್ಧ ತಾಸು ಕೂರಿಸಿದರು. ಜಾಲರಿಯ ಆಚೆ ಬಂದು ಕೂತವರು ಗಿಡ್ಡನೆಯ, ಕಪ್ಪನೆಯ, ಗಟ್ಟಿ ಮೈಕಟ್ಟಿನ ಹೆಂಗಸು. ಪಾರಿಶ್ವಾಡದ ಕಡೆಯ ಹೊಲ ಮಾಡುವ ಮನೆತನದವರೆಂದು ಆಂಟಿ ಹಿಂದೆ ಹೇಳಿದ್ದರು. ಮಾತು ಕೇಳಿದೊಡನೆ ಅದು ಗೊತ್ತಾಗುವಂತಿತ್ತು.

"ಕುಂದರ್ರಿ ವಕೀಲರ. ಮಳಿ ಹೆಂಗೈತಿ ಬೆಳಗಾಂವಿಯಾಗ?"

"ಮದರ್, ನಾ ಒಂದು ತಪ್ಪು ಹೇಳಾಕ ಬಂದೀನ್ರಿ."

"ಪಾದ್ರಿಗಳಿಗೆ ಹೇಳೂದದು. ನಾ ಬರೇ ಮದರ್."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅಂದದ್ದು ಅಂದ ಹಾಗೆ ಎಲ್ಲವನ್ನೂ ಹೇಳಿದೆ. ಮೂರು ವಾದ, ಬೆರಳು, ಗಂಟೆ. ಅವಳು ಅನುಮಾನದ ಒಂದು ಮಾತನ್ನೂ ಆಡಿರಲಿಲ್ಲ, ಉತ್ತರ ಕೊಡದವಳು ಸೋತಳೆಂಬುದು ನಮ್ಮ ಸ್ಪರ್ಧೆಯ ಲೆಕ್ಕ, ಅದನ್ನು ಇಲ್ಲಿಗೆ ತಂದವಳು ನಾನು ಎಂದೆ.

"ನಮಗೂ ಹಂಗ ಇದ್ದಿದ್ರ ಸಸಾರ ಆಗ್ತಿತ್ತು," ಅಂದರು ಮದರ್. "ನಾ ನಲವತ್ತು ವರ್ಷ ಪ್ರಾರ್ಥನಿ ಮಾಡೀನಿ. ಎಷ್ಟಕ್ಕ ಉತ್ತರ ಬಂದಾವ ಅಂತಿ? ದೇವರು ಸೋತ ಅನ್ನೂಣೇನು?"

ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಬಹಳ ಒಳ್ಳೆಯ ಉತ್ತರವೇ ಇತ್ತು. ನುಂಗಿಕೊಂಡೆ. ಬದಲಿಗೆ ಕೇಳಿದೆ: "ಪತ್ರ ಬಂದಾಗ ನೀವು ಆಕಿನ್ನ ಕೇಳಲಿಲ್ಲೇನ್ರಿ?"

"ಕೇಳದ ಬಿಡ್ತೀನಿ? ಕರದು ಕುಂದ್ರಿಸಿ ಕೇಳಿದೆ. ನಿನ್ನ ಗೆಳತಿ ಹಿಂಗ ಹೇಳ್ಯಾಳ, ಖರೇನ ಸುಳ್ಳ ಅಂತ."

"ಏನಂದ್ಳ್ರಿ?"

"'ನನಗ ಡೌಟ್ ಇಲ್ಲ ಮದರ್. ಆದ್ರ ಆಕಿ ಸುಳ್ಳ ಹೇಳಾಕಿ ಅಲ್ಲ. ನನಗಿಂತ ನನ್ನ ಚಲೋ ಬಲ್ಲಾಕಿ. ಆಕಿಗೆ ಕಂಡಿದ್ದು ನನಗ ಕಾಣಲಾರದ್ದು ಇದ್ದೀತು, ನೀವು ತಡದು ನೋಡ್ರಿ' ಅಂದ್ಳು." ಮದರ್ ಜಾಲರಿಯ ಹತ್ತಿರ ಬಗ್ಗಿದರು. "ಆಕಿ ಮಾತಿನ ಮ್ಯಾಲೇ ನಾವು ತಡದ್ವಿ, ತಾಯಿ ಪತ್ರದ ಮ್ಯಾಲಲ್ಲ. ನಿನ್ನ ಮ್ಯಾಲ ಅಷ್ಟು ನಂಬಿಗಿ ಐತಿ ಆಕಿಗೆ."

ಮೂರು ವರ್ಷ ನಾನು ಆ ಗೋಡೆಯೊಳಗೆ ನನಗೊಂದು ಜಾಗ ಇದೆಯೋ ಇಲ್ಲವೋ ಎಂದು ಹೊಟ್ಟೆ ಉರಿಸಿಕೊಂಡಿದ್ದೆ. ಇತ್ತು. ಅದನ್ನು ನಾನು ಅವಳ ವಿರುದ್ಧವೇ ಬಳಸಿದ್ದೆ. ಆ ಕೋಣೆಯಲ್ಲಿ ಅಳಬಾರದೆಂದು ನಿಶ್ಚಯ ಮಾಡಿಕೊಂಡು ಬಂದಿದ್ದೆ, ಆಗಲಿಲ್ಲ. ಮದರ್ ಸಮಾಧಾನ ಹೇಳಲಿಲ್ಲ. ಮೂಗು ಒರೆಸಿಕೊಳ್ಳುವವರೆಗೆ ಕಾದು ಕೇಳಿದರು: "ಈಗ ನೀ ಬಂದು ಹೇಳೂದು ಯಾಕ? ಸುಮ್ಮನಿದ್ದಿದ್ರ ಆಕಿ ನಿನಗ ಸಿಗತಿದ್ಳೇನೋ."

"ಹೌದ್ರಿ. ಅದಕ್ಕ ಹನ್ನೆರಡು ದಿನ ಸುಮ್ಮನಿದ್ದೆ."

"ನಮ್ಮ ಮ್ಯಾಲ ಹೊಟ್ಟಿಕಿಚ್ಚು ಹೋತೇನು?"

"ಇಲ್ರಿ."

ಅವರು ಬಾಯ್ತುಂಬ ನಕ್ಕರು. ಹೊಲದ ಬದುವಿನಲ್ಲಿ ನಿಂತು ನಗುವವರ ನಗು. "ಇರಲಿ. ಸುಳ್ಳ ಹೇಳಿದ್ರ ಎದ್ದು ಹೋಗ್ತಿದ್ದೆ."

ಆರು ತಿಂಗಳು ಎರಡಕ್ಕೆ ಇಳಿಯಿತು. ಕಾಳುಗಳೆಲ್ಲ ಬಿಳಿಯವೇ ಬಿದ್ದವಂತೆ. ಆ ಸುದ್ದಿಯ ಜೊತೆ ಮದರ್, ತಪ್ಪು ಹೇಳಲು ಬಂದವಳು ನಾನೆಂಬುದನ್ನೂ ಆಂಟಿಗೆ ಬರೆದಿದ್ದರು. ಆಂಟಿ ಒಂದು ವಾರ ನನ್ನ ಫೋನು ತೆಗೆಯಲಿಲ್ಲ. ಆಮೇಲೆ ತಾವಾಗಿಯೇ ಹಚ್ಚಿದರು. "ಪತ್ರ ಬರದಾಕಿ ನಾನೂ ಹೌದಲ್ಲ," ಅಂದರು.

ಪ್ರತಿಜ್ಞೆಯ ದಿನ ಯಾರನ್ನೂ ಒಳಗೆ ಬಿಡುವುದಿಲ್ಲ, ಹೆತ್ತವಳನ್ನೂ. ಅದು ಅವರವರೊಳಗೇ ಆಗುವ ಕಾರ್ಯ. ಬೆಳಿಗ್ಗೆ ಹತ್ತು ಗಂಟೆಗೆ ಆಂಟಿ ಮತ್ತು ನಾನು ಭೇಟಿಯ ಕೋಣೆಯಲ್ಲಿ, ಮುಚ್ಚಿದ ಪರದೆಯ ಎದುರು, ಮದುವೆಯ ಮನೆಯಲ್ಲಿ ಜಾಗ ಸಿಗದವರ ಹಾಗೆ ಕೂತಿದ್ದೆವು. ಗೋಡೆಯಾಚೆ ಎಲ್ಲೋ ಹಾಡು ಶುರುವಾಗಿ ನಿಂತಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಮ್ಮೆಲೇ ಹೆಂಗಸರ ನಗು, ಯಾರೋ ಮೂಗು ಎಳೆಯುವ ಸದ್ದು, ಕುರ್ಚಿ ಎಳೆದಾಡುವ ಗದ್ದಲ. ಆ ಗದ್ದಲದಲ್ಲಿ ಇರಬೇಕಾದವಳು ನಾನು ಎಂದು ನನ್ನ ಮೈಯೆಲ್ಲ ಹೇಳುತ್ತಿತ್ತು.

ಪರದೆ ಸರಿಯಿತು. ಅವಳ ತಲೆಯ ಮೇಲೆ ಸೇವಂತಿಗೆಯ ಕಿರೀಟ. ಹಿಂದೆ ಉಳಿದವರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಇಣುಕುತ್ತ ನಿಂತಿದ್ದರು. ಮೊದಲ ಸಲ ಅವರೆಲ್ಲರ ಮುಖ ನೋಡಿದೆ. ಬೈಯುವುದಕ್ಕೆ ಲಾಯಕ್ಕಾದ ಒಂದು ಮುಖವೂ ಇರಲಿಲ್ಲ, ಅದೇ ತಾಪತ್ರಯ. ಹಲ್ಲಿಲ್ಲದ ಒಬ್ಬರು ಮುಂದೆ ಬಂದು, "ಇಕೀನ ಏನವ್ವಾ ವಾದ ಮಾಡಾಕಿ? ಎಷ್ಟ ಸಣ್ಣಾಕಿ ಅದಾಳಲ್ಲ!" ಅಂದರು. ಎಲ್ಲರೂ ನಕ್ಕರು, ನನ್ನ ಗೆಳತಿ ಎಲ್ಲರಿಗಿಂತ ಹೆಚ್ಚು.

ಅವಳನ್ನು ಕೇಳಿಯೇಬಿಟ್ಟೆ. "ಅವತ್ತ ನೀ ಏನ್ ಹೇಳಾಕ ಹೊಂಟಿದ್ದಿ, ಎರಡನೇದಕ್ಕ?"

ಹುಬ್ಬು ಗಂಟಿಕ್ಕಿ ಯೋಚಿಸಿದಳು. "ನೆನಪಿಲ್ಲ ಲೇ," ಅಂದಳು, ನಿಜವಾಗಿಯೂ ನೆನಪಿಲ್ಲದವಳ ಹಾಗೆ. "ಚಲೋ ಉತ್ತರ ಇತ್ತು, ಅಷ್ಟ ಗೊತ್ತೈತಿ." ನಾನು ನಾಲ್ಕು ತಿಂಗಳು ಜಗಿದ ವಾಕ್ಯವನ್ನು ಅವಳು ಗಂಟೆಯ ಮೊದಲ ಹೊಡೆತಕ್ಕೆ ಕೆಳಗಿಟ್ಟು, ಮತ್ತೆ ಎತ್ತಿಕೊಂಡೇ ಇರಲಿಲ್ಲ. ಹಾಗೆ ಕೆಳಗಿಡಲು ನನಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ನಾನು ಕರುಬಿದ್ದು ಹದಿಮೂರು ಜನರನ್ನು ಕಂಡಲ್ಲ, ಅವಳನ್ನೇ ಕಂಡು.

ವಾಪಸಾಗುವ ಬಸ್ಸಿನಲ್ಲಿ ಆಂಟಿ ಇಬ್ಬರ ಟಿಕೆಟ್ಟನ್ನೂ ತಾವೇ ತೆಗೆಸಿದರು. ಖಾನಾಪುರ ದಾಟಿದ ಮೇಲೆ, ಮಡಿಲಲ್ಲಿದ್ದ ಚೀಲವನ್ನು ನೆಟ್ಟಗೆ ಮಾಡಿಕೊಂಡು ಹೇಳಿದರು: "ಮುಂದಿನ ತಿಂಗಳಿಂದ ಹಿಂಗ ಮಾಡೂಣು. ಹತ್ತು ನಿಮಿಷ ಸಾಲೂದಿಲ್ಲ ನಿನಗ. ಅರ್ಧ ತಾಸು ನಂದು, ಅರ್ಧ ತಾಸು ನಿಂದು."

ಹೆತ್ತವಳು ತನ್ನ ಪಾಲಿನಿಂದ ಇಪ್ಪತ್ತು ನಿಮಿಷ ಕಿತ್ತು ಕೊಡುತ್ತಿದ್ದಳು. ಥ್ಯಾಂಕ್ಸ್ ಹೇಳಬೇಕಾಗಿತ್ತು.

"ಮೊದಲನೇ ಅರ್ಧ ನನಗ ಬೇಕ್ರಿ," ಅಂದೆ.

"ಯಾಕವ್ವಾ? ತಾಯಿ ನಾನು."

"ನೀವು ಇಪ್ಪತ್ತು ವರ್ಷ ಆಕಿ ಜೋಡಿ ಇದ್ದೀರಿ. ನಾ ಮೂರೇ ವರ್ಷ."

ಆಂಟಿ ನನ್ನ ತೊಡೆಗೆ ಫಟ್ಟನೆ ಒಂದು ಏಟು ಕೊಟ್ಟರು. ಮುಂದಿನ ಸೀಟಿನವರು ತಿರುಗಿ ನೋಡಿದರು. ಬೆಳಗಾವಿ ಬರುವವರೆಗೂ ನಾವಿಬ್ಬರೂ ಅದೇ ವಿಷಯಕ್ಕೆ ಜಗಳಾಡಿದೆವು.